ಓಡಲು ಯೋಗ್ಯ ಪೋಷಾಕು

ಅಕ್ಕಲಕೋಟದ ಹೆಣ್ಣುಮಕ್ಕಳ ಶಾಲೆಯಲ್ಲಿ ಸುಮಿತ್ರಾಬಾಯಿ ಕಲಿಸುತ್ತಿದ್ದದ್ದು ಭೂಗೋಳ. ಸೊಲ್ಲಾಪುರದ ವ್ಯಾಪಾರಸ್ಥರ ಮನೆಯಲ್ಲಿ ಹುಟ್ಟಿ, ಅಕ್ಕಲಕೋಟದ ಶೇಂಗಾ ಅಡತಿ ವ್ಯಾಪಾರದವರ ಮನೆ ತುಂಬಿದವಳು. ಬಸ್ಸು ಕಣ್ಣೆದುರೇ ಹೊರಟರೂ ಅವಳು ಓಡಿದವಳಲ್ಲ, ಸೆರಗು ಬಿಗಿಹಿಡಿದು ಬಿರಬಿರನೆ ನಡೆದವಳು ಅಷ್ಟೆ. ಎಪ್ಪತ್ತೈದನೇ ಇಸವಿಯಲ್ಲಿ ಡ್ರಿಲ್ ಮಾಸ್ತರರು ಕೆಲಸ ಬಿಟ್ಟು ಹೋದರು. ಅವರ ತಾಸನ್ನು ಯಾರ ಕೊರಳಿಗೆ ಕಟ್ಟಬೇಕೆಂಬ ಮಾತು ಬಂದಾಗ ಒಬ್ಬರಿಗೆ ಮೊಣಕಾಲು ನೋವು, ಇನ್ನೊಬ್ಬರಿಗೆ ಮಗಳ ಬಾಣಂತನ. ನೆಪ ಹುಡುಕುವುದರಲ್ಲಿ ಹಿಂದೆ ಬಿದ್ದವಳು ಸುಮಿತ್ರಾಬಾಯಿ ಒಬ್ಬಳೇ.

"ಮೇ ತಿಂಗಳಾಗ ಸೊಲ್ಲಾಪುರದಾಗ ಶಿಬಿರ ಅದ, ಬಾಯಿ," ಎಂದರು ಮುಖ್ಯಾಧ್ಯಾಪಕ ಚನ್ನವೀರಪ್ಪನವರು. "ಓಡಾಕ ಕಲಿಸೂ ಬಾಯಿಗೋಳು ಮೊದಲ ತಾವು ಓಡಬೇಕಂತ. ಯೋಗ್ಯ ಪೋಷಾಕಿನಾಗ ಬರಬೇಕು ಅಂತ ಬರದಾರ."

"ಯೋಗ್ಯ ಅಂದ್ರ ಎಂಥಾದ್ದು, ಸರ?"

ಅವರು ಕನ್ನಡಕ ತೆಗೆದು ಒರೆಸಿದರು. "ಯೋಗ್ಯ ಅಂದ್ರ ಯೋಗ್ಯ. ನೋಡಿದವರು ಏನೂ ಅನ್ನಬಾರದು."

ನೋಡಿದವರು ಏನೂ ಅನ್ನದ ಉಡುಪೆಂದರೆ ಸೀರೆ. ಅದರಲ್ಲೇ ಓಡಲಾದೀತೇ ಎಂದು ಮರುದಿನ ನಸುಕಿನಲ್ಲಿ ಹಿತ್ತಲಿಗೆ ಹೋಗಿ ನೋಡಿದಳು. ಬಾವಿಯಿಂದ ದನದ ಕೊಟ್ಟಿಗೆಗೆ ಮುಟ್ಟುವಷ್ಟರಲ್ಲಿ ನಿರಿಗೆ ಕಾಲಿಗೆ ಸುತ್ತಿಕೊಂಡಿತು. ಕುಬಸದ ಕಂಕುಳ ಹೊಲಿಗೆ ಪರಕ್ಕನೆ ಬಿಚ್ಚಿತು.

"ಯಾಕವ್ವಾ, ಹಾವು ಕಂಡ್ತೇನ?" ಎಂದು ಅತ್ತೆ ಗುರಮ್ಮ ಅಡುಗೆಮನೆಯಿಂದ ಕೂಗಿದರು.

ವಿಷಯ ತಿಳಿದ ಮೇಲೆ ಗುರಮ್ಮ, "ಚಡ್ಡಿ ಮಾತ್ರ ಬ್ಯಾಡ ನೋಡು. ಮತ್ತ ಏನರ ಹಾಕ್ಕೋ," ಎಂದರು. ಆ ಏನಾದರೂ ಎಂಬುದು ಎಲ್ಲಿ ಸಿಗುತ್ತದೆಂದು ಅವರಿಗೂ ಗೊತ್ತಿರಲಿಲ್ಲ.

ಗಂಡ ಶಿವಶರಣಪ್ಪ ಒಳ್ಳೆಯ ಮನುಷ್ಯ. ಹೆಂಡತಿ ಸಪ್ಪಗಿರುವುದನ್ನು ನೋಡಲಾರದೆ ಅಡತಿ ಅಂಗಡಿಯನ್ನು ತಮ್ಮನಿಗೆ ಒಪ್ಪಿಸಿ, ಮುಂಜಾನೆಯ ಮೊದಲ ಬಸ್ಸಿಗೆ ಅವಳನ್ನು ಸೊಲ್ಲಾಪುರದ ಪೇಟೆಗೆ ಕರೆದುಕೊಂಡು ಹೋದ. ಬೂಟಿನ ಅಂಗಡಿಯಲ್ಲಿ ಅವಳು ಕೇಳಿದಳು, ಅಂಗಡಿಯವನು ಉತ್ತರ ಕೊಟ್ಟದ್ದು ಗಂಡನಿಗೆ.

"ಹೆಣ್ಣುಮಕ್ಕಳಿಗೆ ಓಡೂ ಬೂಟ ಎಲ್ಲಿಂದ ತರ್ಲಿ ಶೇಠಜಿ? ಓಡೂ ಹೆಣ್ಣುಮಕ್ಕಳು ಇದ್ರ ಅಲ್ಲೇನ್ರಿ!"

ಕೊನೆಗೆ ಶಾಲೆಯ ಹುಡುಗರ ಬಿಳಿ ಕ್ಯಾನ್ವಾಸ್ ಬೂಟು ಹೊರಬಂದವು. ಒಂದು ಅಳತೆಯದು ಹಿಮ್ಮಡಿಯಲ್ಲಿ ಕಳಚುತ್ತಿತ್ತು, ಇನ್ನೊಂದು ಬೆರಳುಗಳನ್ನು ಒತ್ತುತ್ತಿತ್ತು. ನಡುವಿನ ಅಳತೆ ಖರ್ಚಾಗಿತ್ತು. "ಸಣ್ಣದೇ ಒಯ್ರಿ, ಹಾಕ್ಕೋತ ಹಾಕ್ಕೋತ ಸಡ್ಲಾಗ್ತದ," ಎಂದು ಅವನು ಗಂಟು ಕಟ್ಟಿಯೇಬಿಟ್ಟ. ಜೊತೆಗೆ ನಾಯ್ಲಾನ್ ಕಾಲುಚೀಲ.

ಬಟ್ಟೆಯಂಗಡಿಯಲ್ಲೂ ಅದೇ ಕಥೆ. ಸೂತಿಯ, ಅಂದರೆ ಹತ್ತಿಯ ಬಟ್ಟೆ ತೋರಿಸಿ ಎಂದರೆ ಗುಮಾಸ್ತ ಮುಖ ಸಿಂಡರಿಸಿದ. ಸುತ್ತಲೂ ಹತ್ತಿ ಗಿರಣಿಗಳ ಭೋಂಗಾ ಕೂಗುವ ಊರಿನಲ್ಲಿ ನಿಂತು ಅವನು, "ಸೂತಿ ಈಗ ಯಾರು ಒಯ್ತಾರ್ರಿ? ಟೆರಿಕಾಟ್ ನೋಡ್ರಿ, ಇಸ್ತ್ರಿನೇ ಬ್ಯಾಡ," ಎಂದ. ಶಿವಶರಣಪ್ಪನೂ, "ನಮ್ಮ ಮನಿಯಾಕಿ ನಾಲ್ಕು ಮಂದಿ ನಡು ಓಡಾಕಿ. ಛಲೋದ್ದೇ ಇರಲಿ," ಎಂದು ಅಂಗಡಿಯಲ್ಲೇ ಭಾರೀ ಎನಿಸಿಕೊಂಡ ತುಂಡನ್ನು ಹರಿಸಿದ. ಪ್ರೀತಿಯಿಂದ ಕೊಡಿಸಿದ್ದಕ್ಕೆ ಬೇಡವೆನ್ನುವುದು ಹೇಗೆ? ಸುಮಿತ್ರಾಬಾಯಿ ಗಂಟನ್ನು ಕಂಕುಳಲ್ಲಿ ಇರುಕಿಕೊಂಡು ಅಂಗಡಿಯ ಮೆಟ್ಟಿಲು ಇಳಿದಳು.

ಅಕ್ಕಲಕೋಟದ ದರ್ಜಿ ಖಂಡಪ್ಪನಿಗೆ ಅವಳು ಎರಡೆರಡು ಸಲ ಬಿಡಿಸಿ ಹೇಳಿದ್ದಳು: ಪೈಜಾಮ ಹೊಲಿಯಬೇಕು, ತೊಡೆಯ ಹತ್ತಿರ ಸಡಿಲ, ಪಾದದ ಹತ್ತಿರ ಬಿಗಿ. ಶಿಬಿರದ ಹಿಂದಿನ ದಿನ ಸಂಜೆ ಅವನು ಬಿಚ್ಚಿ ತೋರಿಸಿದ್ದು ಬೆಲ್‌ಬಾಟಮ್. ತೊಡೆಗೆ ಅಂಟಿಕೊಂಡು, ಕೆಳಗೆ ಒಂದೊಂದು ಕಾಲೂ ಜೋಳದ ಚೀಲದ ಬಾಯಿಯಷ್ಟು ಅಗಲ.

"ಖಂಡಪ್ಪಾ, ನಾ ಹೇಳಿದ್ದೇನು, ನೀ ಹೊಲ್ದಿದ್ದೇನು?"

"ಈಗ ಎಲ್ಲಾರೂ ಇದನ್ನ ಹೊಲಸಾಕತ್ತಾರ ಅಕ್ಕಾರ. ಅಡತಿಯವರ ಮನಿಗೆ ಹಳೀ ಮಾದರಿ ಹೊಲ್ದು ಕೊಟ್ರ ನನ್ನ ಹೆಸರು ಕೆಡ್ತದ್ರಿ."

ಬಿಚ್ಚಿ ಹೊಲಿಸಲು ಹೊತ್ತಿರಲಿಲ್ಲ. ಅದನ್ನೇ ಚೀಲಕ್ಕೆ ತುರುಕಿ ತವರಿಗೆ ಹೋದಳು.

ಶಿಬಿರ ನಡೆದದ್ದು ವಿಜಾಪುರ ರಸ್ತೆಯ ಆಚೆಗಿನ ಬಯಲಿನಲ್ಲಿ. ಏಳಕ್ಕೆಲ್ಲ ಬಿಸಿಲು ನೆತ್ತಿ ಸುಡುತ್ತಿತ್ತು. ಬಂದಿದ್ದ ಶಿಕ್ಷಕಿಯರಲ್ಲಿ ಒಬ್ಬಳು ಸೀರೆಯ ಮೇಲೇ ಬೂಟು ಹಾಕಿದ್ದಳು, ಇನ್ನೊಬ್ಬಳು ಅಣ್ಣನ ಪೈಜಾಮಕ್ಕೆ ಪಿನ್ನು ಚುಚ್ಚಿಕೊಂಡಿದ್ದಳು. ಶಿಳ್ಳೆ ಊದಿದರು. ಸುಮಿತ್ರಾಬಾಯಿ ಓಡಿದಳು. ಟೆರಿಕಾಟ್ ಬೆವರು ಹೀರದೆ ಮೈಗೆ ಮೆತ್ತಿಕೊಂಡಿತು. ನಾಯ್ಲಾನ್ ಕಾಲುಚೀಲ ಒಳಗೊಳಗೇ ಜಾರಿ ಹಿಮ್ಮಡಿಯನ್ನು ಉಜ್ಜತೊಡಗಿತು. ಅರ್ಧ ಸುತ್ತು ಮುಗಿಯುವ ಮೊದಲೇ ಬಲಗಾಲಿನ ಬೂಟು ಎಡಗಾಲಿನ ಬೆಲ್‌ಬಾಟಮ್ ತುಳಿಯಿತು. ಅವಳು ಎಲ್ಲರೆದುರು ಬೋರಲು ಬಿದ್ದಳು. ಬೇಲಿಯಾಚೆ ಸೈಕಲ್ ನಿಲ್ಲಿಸಿಕೊಂಡಿದ್ದ ಗಂಡಸರು ಹೋ ಎಂದು ನಕ್ಕರು.

ಕಲಿಸಲು ಬಂದಿದ್ದ ಜನಾಬಾಯಿ ಹರೆಯದಲ್ಲಿ ತಾವೂ ಪಂದ್ಯಗಳಲ್ಲಿ ಓಡಿದವರು. ಬೇವಿನ ನೆರಳಿಗೆ ಕರೆದೊಯ್ದು ಬೂಟು ಕಳಚಿಸಿದರು. ಹಿಮ್ಮಡಿಯ ಚರ್ಮ ಸುಲಿದು ಕಾಲುಚೀಲಕ್ಕೆ ಅಂಟಿತ್ತು.

"ಬೂಟ ಯಾವಾಗ ತಗೊಂಡ್ರಿ?"

"ಮುಂಜಾನಿ."

"ಸಂಜಿಮುಂದ ತಗೋಬೇಕು. ದಿನಾ ಎಲ್ಲಾ ಅಡ್ಡಾಡಿ ಕಾಲು ಉಬ್ಬಿರ್ತಾವ. ಕಾಲಿಗಿ ಮೋಜಾ ಹಾಕ್ಕೊಂಡೇ ಬೂಟ ನೋಡಬೇಕು, ಬೆರಳಿನ ಮುಂದ ಒಂದು ಹೆಬ್ಬೆಟ್ಟಿನಷ್ಟು ಜಾಗಾ ಬೇಕು. ಮೋಜಾ ಸೂತೀದು, ಪೈಜಾಮ ಸೂತೀದು, ಲಾಡಿ ಹಾಕಿದ್ದು." ಆಮೇಲೆ ದನಿ ತಗ್ಗಿಸಿ, "ಮ್ಯಾಲಿನ ಅಂಗಿ ಸಡ್ಲ ಇರಲಿ, ಒಳಗಿಂದು ಮಾತ್ರ ಬಿಗಿ ಇರಬೇಕು. ಇಲ್ಲಾಂದ್ರ ಎದಿ ನೋಯ್ತದ," ಎಂದರು.

ಬಿದ್ದದ್ದಕ್ಕೆ ಬಾರದ ಅಳು ಆಗ ಉಕ್ಕಿ ಬಂತು, ಸಿಟ್ಟಾಗಿ. "ಇಷ್ಟ ನಾಲ್ಕು ಮಾತು ಆ ಕಾಗದದಾಗ ಬರದಿದ್ರ ನಿಮ್ಮ ಶಾಯಿ ತೀರ್ತಿತ್ತೇನ್ರಿ?"

"ಕಾಗದ ನಾ ಬರೀಲಿಲ್ಲ ತಾಯಿ. ಬರೆದವರು ಗಂಡಸರು. ಅವರಿಗೆ ಬನಿಯನ್, ಚಡ್ಡಿ ಇದ್ರ ಆತು."

ಅಂದು ಸಂಜೆ ಸುಮಿತ್ರಾಬಾಯಿ ಕುಂಟುತ್ತಲೇ ಪೇಟೆಗೆ ಹೋಗಿ, ಅಂಗಡಿಯವನ ಗೊಣಗಾಟಕ್ಕೆ ಕಿವಿಗೊಡದೆ ನಾಲ್ಕು ಜೊತೆ ಬೂಟು ಹಾಕಿ ನಡೆದು ನೋಡಿ ಒಂದನ್ನು ಕೊಂಡಳು. ಅಪ್ಪನ ಹಳೆಯ ಧೋತರ ಬೇಡಿ ತೆಗೆದುಕೊಂಡು ಅವ್ವನ ಮಷೀನಿನ ಮೇಲೆ ತಾನೇ ಪೈಜಾಮ ಹೊಲಿದಳು. ಹೊಲಿಗೆ ಸೊಟ್ಟಗಿತ್ತು, ಆದರೆ ಕಾಲು ಬೀಸಿದಷ್ಟೂ ಬರುತ್ತಿತ್ತು. ಶಿಬಿರ ಮುಗಿಯುವ ದಿನ ಎಲ್ಲರಿಗಿಂತ ಹಿಂದೆ, ಆದರೆ ಎಲ್ಲೂ ನಿಲ್ಲದೆ ಮೈದಾನ ಸುತ್ತಿದಳು. ಏದುಸಿರು ಹತ್ತಿತ್ತು, ಮುಖ ಕೆಂಡವಾಗಿತ್ತು. ಹುಟ್ಟಿದಂದಿನಿಂದ ಇದನ್ನು ಯಾಕೆ ಮಾಡಲಿಲ್ಲ ಎಂದು ಅವಳಿಗೆ ಆಶ್ಚರ್ಯವಾಯಿತು.

ಶಾಲೆ ಶುರುವಾದ ಮೇಲೆ ಹುಡುಗಿಯರನ್ನೂ ಓಡಿಸಿದಳು. ಮೈಂದರ್ಗಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ರೇವಮ್ಮ ಎಂಬ ಹುಡುಗಿ ಕಾಲು ನೆಲಕ್ಕೆ ತಾಗಿತೋ ಇಲ್ಲವೋ ಎನ್ನುವ ಹಾಗೆ ಓಡುತ್ತಿದ್ದಳು. ಜಿಲ್ಲಾ ಪಂದ್ಯಕ್ಕೆ ಅವಳನ್ನು ಕಳಿಸಲು ಅಪ್ಪ ಅಮೃತಪ್ಪ ಒಪ್ಪಲಿಲ್ಲ. ಸುಮಿತ್ರಾಬಾಯಿ ಅವರ ಹೊಲಕ್ಕೇ ಹೋದಳು.

"ಓಡಾಕ ನನ್ನ ಅಡ್ಡಿ ಇಲ್ರಿ ಬಾಯಿ," ಎಂದ ಅಮೃತಪ್ಪ. "ಕಾಲು ಕಾಣಬಾರದು, ಅಷ್ಟ."

"ಕಾಣೂದಿಲ್ಲ. ನಾನ ಹೊಲ್ದು ಕೊಡ್ತೀನಿ."

ಹೊಲಿದೂ ಕೊಟ್ಟಳು. ಬೂಟನ್ನು ಸಂಜೆಯ ಹೊತ್ತಿಗೇ ಹೋಗಿ ಆರಿಸಿದಳು. ಹೊಸ ಬೂಟು ಪಂದ್ಯದ ದಿನ ಕಚ್ಚಬಾರದೆಂದು ತಿಂಗಳ ಮೊದಲಿನಿಂದಲೇ ಹಾಕಿಸಿ ಓಡಿಸಿದಳು. ಯಾವುದರಲ್ಲೂ ಲೋಪವಿರಲಿಲ್ಲ. ಸೊಲ್ಲಾಪುರದಲ್ಲಿ ಹುಡುಗಿಯರು ಗೆರೆಯ ಮೇಲೆ ನಿಂತಾಗ ಎದೆಗೆ ಬಿಲ್ಲೆ ಹಚ್ಚಿಕೊಂಡ, ಓಟದ ತೀರ್ಪು ಹೇಳುವ ಪಂಚರೊಬ್ಬರು ಬಂದು ರೇವಮ್ಮನ ಪೈಜಾಮದತ್ತ ಬೆರಳು ತೋರಿಸಿದರು.

"ಹೇ ಚಾಲಣಾರ ನಾಹೀ, ಇದು ನಡಿಯೂದಿಲ್ಲ. ಹಾಫ್ ಪ್ಯಾಂಟ್ ಬೇಕು. ನಿಯಮ ಅದ."

"ನಿಯಮ ನಮಗ ಯಾರು ಹೇಳಿದ್ರಿ? ಯೋಗ್ಯ ಪೋಷಾಕು ಅಂತ ಬರದೀರಿ. ಇದರಾಗ ಅಯೋಗ್ಯ ಏನದ, ತೋರಸ್ರಿ!"

ಸುಮಿತ್ರಾಬಾಯಿಯ ದನಿಗೆ ಮೈದಾನವೆಲ್ಲ ತಿರುಗಿ ನೋಡಿತು. ಪಂಚರು ಮತ್ತೊಬ್ಬ ಪಂಚರನ್ನು ಕೇಳಲು ಹೋದರು, ಅವರು ಇನ್ನೊಬ್ಬರನ್ನು ಹುಡುಕಿದರು. ಅಷ್ಟರಲ್ಲಿ ಶಿಳ್ಳೆ ಊದಿ ಓಟ ಮುಗಿದೇ ಹೋಯಿತು. ಕೊನೆಗೆ ರಗಳೆ ತಪ್ಪಲೆಂದು ರೇವಮ್ಮನನ್ನು ಒಬ್ಬಳನ್ನೇ ಓಡಲು ಬಿಟ್ಟರು, ಲೆಕ್ಕಕ್ಕಿಲ್ಲ ಎಂದು ಮೊದಲೇ ಹೇಳಿ. ಅವಳು ಓಡಿದಳು. ಗಡಿಯಾರ ಹಿಡಿಯಲು ಯಾರೂ ಮುಂದೆ ಬರಲಿಲ್ಲ.

ಊರಿಗೆ ಮರಳುವ ಬಸ್ಸಿನಲ್ಲಿ ಸುಮಿತ್ರಾಬಾಯಿ ಮನಸ್ಸಿನಲ್ಲೇ ಬಟ್ಟೆ ಅಳೆದಳು. ಹಾಫ್ ಪ್ಯಾಂಟ್ ಹೊಲಿದರೆ ಅಮೃತಪ್ಪ ಕಳಿಸುವುದಿಲ್ಲ, ಪೈಜಾಮ ಹೊಲಿದರೆ ಇವರು ಓಡಿಸುವುದಿಲ್ಲ. ಒಂದು ಮೊಳ ಬಟ್ಟೆಯ ನಡುವೆ ಹುಡುಗಿ ಸಿಕ್ಕಿಬಿದ್ದಿದ್ದಳು.

"ಬಾಯಿ," ಎಂದಳು ರೇವಮ್ಮ ಶೇಂಗಾ ಸುಲಿಯುತ್ತ, "ನಂದು ಎಷ್ಟನೇ ನಂಬರ ಬಂತ್ರಿ?"

"ಒಬ್ಬಾಕಿನೇ ಓಡಿದಿ. ನಂಬರ ಎಲ್ಲಿಂದ ಬರಬೇಕ?"

"ಮತ್ತ ಒಂದನೇದ್ದೇ ಆತಲ್ರಿ!"

ಮುಂದಿನ ಸೀಟಿನವರೆಲ್ಲ ನಕ್ಕರು. ಸುಮಿತ್ರಾಬಾಯಿಗೆ ನಗು ಬರಲಿಲ್ಲ. ಮರುದಿನ ಬೆಲ್ಲು ಹೊಡೆಯುವ ಮೊದಲೇ ಅವಳು ಚನ್ನವೀರಪ್ಪನವರ ಕೋಣೆಯಲ್ಲಿ ನಿಂತಿದ್ದಳು. "ಸರ, ಪೈಜಾಮದಾಗೂ ಓಡಾಕ ಬಿಡಬೇಕು ಅಂತ ಜಿಲ್ಲಾದವರಿಗೆ ಕಾಗದ ಬರೀರಿ. ನೀವು ಬರೀಲಿಲ್ಲಾಂದ್ರ ನಾನ ಬರೀತೀನಿ, ಸಹಿ ನೀವು ಮಾಡ್ರಿ."

ಚನ್ನವೀರಪ್ಪನವರು ಕನ್ನಡಕಕ್ಕೆ ಕೈ ಹಾಕಿದರು. ಅವರು ಅದನ್ನು ಒರೆಸಿ ಮುಗಿಸುವವರೆಗೆ ಕಾಯದೆ ಅವಳು ಕುರ್ಚಿ ಎಳೆದುಕೊಂಡು ಕುಳಿತಳು.