ಅಕ್ಕನ ಹಗಲು ನಿದ್ದೆ

ನಮ್ಮಕ್ಕನದು ನಿದ್ದೆ ಪರೀಕ್ಷಿಸುವ ಕೇಂದ್ರದಲ್ಲಿ ರಾತ್ರಿ ಪಾಳಿ. ಮಲಗಿದವರ ತಲೆಗೆ ಪಟ್ಟಿ ಕಟ್ಟಿ, ಗಾಢ ನಿದ್ದೆಯ ಅಲೆ ಪರದೆಯ ಮೇಲೆ ಎದ್ದಾಗಲೆಲ್ಲ ಆ ಪಟ್ಟಿಯಿಂದ ಕಿವಿಗೆ 'ಶ್' ಅನ್ನುವ ಮೆಲುಸದ್ದು ಸರಿಯಾಗಿ ಬೀಳುತ್ತದೋ ಇಲ್ಲವೋ ನೋಡುವುದು ಕೆಲಸ. ಸರಿಯಾಗಿ ಬಿದ್ದರೆ ಅಲೆ ಇನ್ನಷ್ಟು ದೊಡ್ಡದಾಗಿ ನಿದ್ದೆ ಇನ್ನೂ ಗಾಢವಾಗುತ್ತದಂತೆ. ಹನ್ನೊಂದು ವರ್ಷದಿಂದ ಊರವರ ನಿದ್ದೆ ಕಾಯುವ ಇವಳಿಗೆ ಮಾತ್ರ ಹಗಲು ಕಣ್ಣಿಗೆ ನಿದ್ದೆ ಹತ್ತುವುದಿಲ್ಲ. ನೋಡಿದರೆ ನನಗೇ ಮೈ ಉರಿಯುತ್ತದೆ.

ನಾನು ಅವಳ ಮನೆಗೆ ಹೋಗಿದ್ದಾಗ ತಲೆಕೆಟ್ಟು ಒಂದು ದಿನ ಆ ಪಟ್ಟಿಯನ್ನೇ ಕೇಳಿ ಮನೆಗೆ ತಂದು, ಕಟ್ಟಿಕೊಂಡು ಮಲಗಿದಳು. ಮೂರು ಗಂಟೆ ಕಳೆದರೂ ಒಂದೂ 'ಶ್' ಇಲ್ಲ.

"ಕೆಟ್ಟಿರಬೇಕು," ಅಂದರು ಅವಳ ಅತ್ತೆ.

"ಕೆಟ್ಟಿಲ್ಲ ಅತ್ತೆ. ನಾನು ನಿದ್ದೆ ಹೋದ್ರೆ ತಾನೆ ಅದು ಸದ್ದು ಮಾಡೋದು? ಸದ್ದು ಸರಿಯಾಗಿ ಬೀಳುತ್ತಾ ನೋಡೋಣ ಅಂತ ನಾನು ಎಚ್ಚರವಾಗೇ ಕಾಯ್ತಿದ್ದೀನಿ."

"ಎಲ್ಲಿ, ಕೊಡು ಇಲ್ಲಿ," ಅಂತ ಅತ್ತೆ ತಾವೇ ಕಟ್ಟಿಕೊಂಡು ಒರಗಿದರು. ಅರ್ಧ ಗಂಟೆಯೊಳಗೆ ಗೊರಕೆ, ಅದರ ಹಿಂದೆಯೇ 'ಶ್'. ಪಟ್ಟಿಗೆ ಜೋಡಿಸಿದ್ದ ಅಕ್ಕನ ಮೊಬೈಲ್ ಪರದೆಯಲ್ಲಿ ಅಲೆಗಳು ಗುಡ್ಡಗಳಂತೆ ಎದ್ದವು.

ಆಚೆ ಕೋಣೆಗೆ ಹೋಗಿ ಮಲಗೇ ಅಂತ ನಾನು ಬಡಕೊಂಡೆ. ಅಕ್ಕ ಆ ಪರದೆಯ ಮುಂದೆ ಕುರ್ಚಿ ಎಳೆದಳು. ಪಾಳಿಗೆ ಹೊರಡುವ ಹೊತ್ತಾಗುವವರೆಗೂ ಕೂತು ಅತ್ತೆಯ ನಿದ್ದೆ ಕಾಯ್ದಳು.