ಅಕ್ಕ ಕಟ್ಟಿಸಿದ ಗೆರೆಗಳು

ತರೀಕೆರೆಯ ಕಾಲೇಜಿನಲ್ಲಿ ಗಣಿತ ಕಲಿಸುವ ಕೆಲಸ ಸಿಕ್ಕಾಗ ಅಕ್ಕನ ಕಣ್ಣು ಚೆನ್ನಾಗಿಯೇ ಇತ್ತು. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ಬೋರ್ಡಿನ ಮೇಲೆ ತಾನೇ ಬರೆದದ್ದು ಅವಳಿಗೆ ಮಂಜಾಗತೊಡಗಿತು. ಕಡೂರಿನ ಡಾಕ್ಟರು ಎರಡು ಸಲ ಕನ್ನಡಕ ಬದಲಿಸಿ ನೋಡಿದರು. ಆಮೇಲೆ, ಕಣ್ಣಿನ ನರವೇ ಒಣಗುತ್ತಿದೆ, ಇದಕ್ಕೆ ಮದ್ದಿಲ್ಲ ಎಂದುಬಿಟ್ಟರು.

ಪಾಠದ ಜೊತೆಗೆ ಅವಳು ಪಿಎಚ್.ಡಿ.ಗೂ ಓದುತ್ತಿದ್ದಳು. ಬಿಂದುಗಳನ್ನು ನೇರ ಗೆರೆಗಳಿಂದ ಕೂಡಿಸಬೇಕು, ಒಂದು ಗೆರೆ ಇನ್ನೊಂದನ್ನು ದಾಟಬಾರದು, ಸಮಾನಾಂತರ ಗೆರೆಗಳನ್ನೆಲ್ಲ ಒಂದೇ ದಿಕ್ಕೆಂದು ಎಣಿಸಿ, ದಿಕ್ಕುಗಳು ಆದಷ್ಟು ಕಡಿಮೆ ಇರಬೇಕು. ಅದು ಅವಳ ವಿಷಯ. ಕಾಗದ ಕಾಣದಾದ ಮೇಲೆ, ಅಜ್ಜಂಪುರದ ನಮ್ಮ ಮನೆಯಲ್ಲಿ ನಾನು ಹಲಸಿನ ಹಲಗೆಗೆ ಮೊಳೆ ಹೊಡೆದು ದಾರ ಬಿಗಿದು ಕೊಡುತ್ತಿದ್ದೆ. ಅವಳು ಬೆರಳಾಡಿಸಿ ನೋಡುವಳು.

ಒಮ್ಮೆ ನಾಲ್ಕೇ ಮೊಳೆ ಹೊಡೆಸಿದಳು. "ಇದು ಕಡೂರು, ಇದು ಶಿವನಿ, ಇದು ಲಕ್ಕವಳ್ಳಿ. ಮಧ್ಯದ್ದು ತರೀಕೆರೆ ಅಂತಿಟ್ಕೋ. ಪ್ರತಿಯೊಂದರಿಂದ್ಲೂ ಮಿಕ್ಕಿದ್ದಕ್ಕೆಲ್ಲ ದಾರ ಕಟ್ಟು."

ಆರು ದಾರ, ಆರು ದಿಕ್ಕು.

"ದಾರ ದಾಟ್ದಂಗೆ ಮೊಳೆ ಎಲ್ಲಿಗೆ ಸರಿಸಿದ್ರೂ ಒಂದು ದಿಕ್ಕೂ ಕಮ್ಮಿ ಮಾಡಕ್ಕಾಗಲ್ಲ ಕಣೇ," ಎಂದು ನಕ್ಕಳು. ಆಗಿನ್ನೂ ನಗುತ್ತಿದ್ದಳು.

ಆ ಬೇಸಿಗೆಯಲ್ಲಿ ಎಲ್ಲ ಮೊಳೆಗಳನ್ನೂ ಒಂದಕ್ಕೊಂದು ಕೂಡಿಸಬೇಕಿಲ್ಲದ ಒಂದು ದೊಡ್ಡ ಜಾಲವನ್ನು ಐದೇ ದಿಕ್ಕಿನಲ್ಲಿ ಕಟ್ಟಬಹುದೆಂದು ಅವಳಿಗೆ ತೋಚಿತು. ಅವಳು ಹೇಳಿದಂತೆ ದಿನವೂ ಕಟ್ಟುತ್ತ ಹೋದೆ. ಕೊನೆಯ ದಾರ ಹಿಡಿದವಳು ಹಾಗೇ ನಿಂತೆ.

"ಏನಾಯ್ತೇ?"

"ಇನ್ನೊಂದನ್ನ ದಾಟ್ತೈತೆ ಕಣಕ್ಕ."

ಕೆಲವು ಮೊಳೆ ಕೀಳಿಸಿ ಬೇರೆ ಕಡೆ ಹೊಡೆಸಿದಳು. ಮತ್ತೂ ದಾಟಿತು. ಅಕ್ಕ ಹಲಗೆಯ ಈ ತುದಿಯಿಂದ ಆ ತುದಿಯವರೆಗೆ ಬೆರಳಾಡಿಸಿ ನೋಡಿದಳು. "ಬಿಚ್ಬಿಡು," ಎಂದಳು.

"ನಾಳೆ ಇನ್ನೊಂದ್ಸಲ ನೋಡಣ."

"ಬ್ಯಾಡ. ಇದು ಒಟ್ಟಿಗೆ ಕಾಣ್ಬೇಕು ಕಣೇ. ಬೆರಳು ಆ ಕಡೆ ಹೋಗೋ ಹೊತ್ಗೆ ಈ ಕಡೇದು ಮರ್ತೋಗ್ತೈತೆ."

ಒಳಗೆ ರುಬ್ಬುತ್ತಿದ್ದ ಅಮ್ಮನ ಕೈ ನಿಂತಿತು. ನಾನು ದಾರ ಬಿಚ್ಚಿದೆ.

ಮುಂದಿನ ವರ್ಷ ಅಕ್ಕ ಕೆಲಸ ಬಿಟ್ಟಳು. ಮನೆಯಲ್ಲಿ ಹೂ ಕಟ್ಟುವಳು, ಅವರೆಕಾಯಿ ಸುಲಿಯುವಳು. ಗಣಿತದ ಮಾತೆತ್ತುತ್ತಿರಲಿಲ್ಲ. ಎಷ್ಟೋ ಕಾಲದ ಮೇಲೆ ಅವಳ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಲೆಕ್ಕ ಕೇಳಲು ತರೀಕೆರೆಯಿಂದ ಬಂದಳು. ಅಕ್ಕ ಅವಳ ಮಾತನ್ನು ಕೊನೆಯವರೆಗೂ ಕೇಳಿಸಿಕೊಂಡು, "ನಂಗೆಲ್ಲಾ ಮರ್ತೋಗಿದೆ ಕಣಮ್ಮ," ಎಂದಳು. ಬಂದವಳು ಕಾಫಿ ಕುಡಿದು ಬಸ್ಸಿಗೆ ಹೊರಟಳು.

ಅಂದು ಮಧ್ಯಾಹ್ನ ಅಮ್ಮ ಎಷ್ಟು ಕರೆದರೂ, ನೆಲದ ಮೇಲೆ ಬೆರಳಲ್ಲಿ ಗೆರೆ ಎಳೆಯುತ್ತ ಕೂತಿದ್ದ ಅಕ್ಕ ಊಟಕ್ಕೆ ಏಳಲಿಲ್ಲ.