ಬಾವಿಗೆ ಹಾರಿದ ಅವ್ವ

ಮಲಾಡ್‌ನ ನಮ್ಮ ಚಾಳಿನ ಅಂಗಳದಲ್ಲಿದ್ದ ಬಾವಿಗೆ ಮೂರು ವರ್ಷದ ತಮ್ಮ ನನ್ನ ಕಣ್ಣೆದುರೇ ಬಿದ್ದುಬಿಟ್ಟ. ಐವತ್ತರ ದಶಕದ ಒಂದು ಭಾನುವಾರ. ನಾನಿನ್ನೂ ಫ್ರಾಕು ತೊಡುವ ಹುಡುಗಿ. ಕಿಟಾರನೆ ಕಿರುಚಿಕೊಂಡೆ. ನೆರೆಯವರು ಹಗ್ಗಕ್ಕಾಗಿ ಚೀರಾಡುತ್ತಿರುವಾಗಲೇ, ರೊಟ್ಟಿ ಬಡಿಯುತ್ತಿದ್ದ ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದು, ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಬಾವಿಗೆ ಹಾರಿಬಿಟ್ಟಳು. ತಲೆಯ ಮೇಲಿನ ಸೆರಗು ಜಾರಲು ಬಿಡದವಳು, ಒಬ್ಬಳೇ ರಸ್ತೆ ದಾಟಲೂ ಅಂಜುವವಳು! ಇಬ್ಬರೂ ಹೋದರೆಂದು ಅಪ್ಪ ಬಾವಿಕಟ್ಟೆಯ ಬಳಿ ಕುಸಿದರು.

ಅಷ್ಟರಲ್ಲಿ ಅವ್ವ ತಮ್ಮನನ್ನು ಹೆಗಲಿಗೆ ಹಾಕಿಕೊಂಡು ನೀರಿನ ಮೇಲೆ ಬಂದಳು. ಹಗ್ಗ ಇಳಿಸಿ ಇಬ್ಬರನ್ನೂ ಮೇಲೆತ್ತಿದರು. ತಮ್ಮ ನೀರು ಕಾರಿ ಅಳತೊಡಗಿದ.

"ನಿನಗ ಈಸಾಕ ಬರ್ತದೇನು?" ಅಪ್ಪ ಕೇಳಿದರು.

"ತವರಿನಾಗ ಹೊಲದ ಬಾವ್ಯಾಗ ದಿನಾ ಈಸ್ತಿದ್ದೆ. ಲಗ್ನ ಆದಮ್ಯಾಲೆ ಯಾರೂ ಕೇಳಲಿಲ್ಲ," ಎನ್ನುತ್ತ ಅವ್ವ ತಮ್ಮನ ತಲೆ ಒರೆಸಿದಳು.

ಗಂಡ, ಮಕ್ಕಳು, ಮೊಮ್ಮಕ್ಕಳು ಎಂದೇ ಬಾಳಿದ ಅವ್ವ ತೊಂಬತ್ತು ದಾಟಿ ತೀರಿಕೊಂಡಳು. ನಾವು ಕೇಳದೆ, ಅವಳು ಹೇಳದೆ ಇನ್ನೇನೇನು ಉಳಿದುಹೋಯಿತೋ ಎಂದು ನೆನೆದರೆ ಇಂದಿಗೂ ಎದೆ ಧಸಕ್ಕೆನ್ನುತ್ತದೆ.